ಮಾನಪ್ಪ ಮಾವನ ಅಡಿಪಟ್ಟಿ ಮತ್ತು ವಸಡಿನ ಅಳತೆ

ನಮ್ಮ ಮಾನಪ್ಪ ಮಾವನ ಅಂಗಿಯ ಜೇಬಿನಲ್ಲಿ ಎಲ್ಲರಂತೆ ಪೆನ್ನು ಇರುತ್ತಿರಲಿಲ್ಲ, ಆರಿಂಚಿನ ಸ್ಟೀಲಿನ ಅಡಿಪಟ್ಟಿ ಇರುತ್ತಿತ್ತು. ಮದುವೆಗೆ ಹೋದರೂ ಅದು, ಮಣ್ಣಿಗೆ ಹೋದರೂ ಅದು. ಮಾನ್ವಿ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಇಡ್ಲಿ ತಂದಿಟ್ಟರೆ ಪಕ್ಕದಲ್ಲಿ ಅಡಿಪಟ್ಟಿ ನಿಲ್ಲಿಸಿ ದಪ್ಪ ನೋಡಿ, "ಹ್ವಾದ ವಾರಕ್ಕಿಂತ ಎರಡು ಮಿಲಿಮೀಟರ್ ಕಮ್ಮಿ ಆಗ್ಯಾದಲ್ಲೋ, ಯಾಕ?" ಎಂದು ಮಾಲೀಕನನ್ನು ವಿಚಾರಿಸಿ, ಆಮೇಲೆ ಬಾಯಿಗಿಡುತ್ತಿದ್ದರು. ನಮ್ಮತ್ತೆಗೆ ಇದು ರೂಢಿಯಾಗಿಹೋಗಿತ್ತು. "ನಿಮ್ಮ ಮಾವ ತಾಳಿ ಕಟ್ಟೂ ಮುಂಚೆ ದಾರ ಅಳದು ನೋಡ್ಯಾರವ್ವಾ. ಅಕ್ಕಿಕಾಳು ಹಿಡ್ಕೊಂಡು ನಿಂತ ಮಂದಿ ಕೈ ಸೋತು ಕೆಳಗ ಇಳಿಸಿದ್ರು" ಎಂದು ಅತ್ತೆ ಹೇಳುವಾಗ ಮಾವ ಬೇಸರಪಡುತ್ತಿರಲಿಲ್ಲ. "ಅರ್ಧ ಗೇಣು ಕಮ್ಮಿನೇ ಇತ್ತು" ಎಂದು ಸಾಕ್ಷಿ ಹೇಳುತ್ತಿದ್ದರು.

ಮಾವ ನಮ್ಮವ್ವನ ಖಾಸಾ ಅಣ್ಣ. ಸರ್ವೇ ಇಲಾಖೆಯಲ್ಲಿದ್ದರು. ಮೂವತ್ತು ಚಿಲ್ಲರೆ ವರ್ಷ ದೇವದುರ್ಗ ತಾಲ್ಲೂಕಿನ ಹೊಲಗಳಲ್ಲಿ ಚೈನು ಎಳೆಸಿ, ಬಿಸಿಲಿಗೆ ಸುಟ್ಟು ಕರಕಾಗಿ, ತಂಬಾಕಿನ ಚಟ ಹತ್ತಿಸಿಕೊಂಡು, ನಿವೃತ್ತರಾದ ಮೇಲೆ ಮಾನ್ವಿಯಲ್ಲಿ ಮನೆ ಕಟ್ಟಿಸಿದ್ದರು. ಆ ಮನೆಯ ಒಂದು ಗೋಡೆಯನ್ನು ಗೌಂಡಿ ಎರಡು ಸಲ ಕೆಡವಿ ಕಟ್ಟಿದ. ಮೂರನೇ ಸಲ ಕೆಡವು ಎಂದಾಗ ಅವನು ಕರಣೆ ಎಸೆದು ಹೋದವನು ಈವತ್ತಿಗೂ ಆ ಓಣಿಗೆ ಕಾಲಿಡುವುದಿಲ್ಲ.

ಅವರದೊಂದು ತತ್ವ ಇತ್ತು. ಮನೆಗೆ ಬಂದವರಿಗೆ ಚಹಾ ಬರುವ ಮೊದಲು ಅದು ಬರುತ್ತಿತ್ತು. "ಒಮ್ಮಿ ಅಳದ್ರ ಅಂದಾಜು. ಎರಡು ಸಲ ಅಳದ್ರ ಅನುಮಾನ. ಮೂರು ಸಲ ಅಳದು ಮೂರೂ ಸಲ ಅಷ್ಟೇ ಬಂತಂದ್ರ ಮುಗೀತು. ಕಲ್ಲು ನೆಡೂದು, ಸಹಿ ಹಾಕೂದು, ಮನಿಗೆ ಹೋಗೂದು." ಇದಕ್ಕೆ ಪುರಾವೆಯಾಗಿ ಗೂಗಲ್ ಎಂಬ ಹಳ್ಳಿಯ ಕಥೆ ಬರುತ್ತಿತ್ತು. ಅಲ್ಲಿ ಹೊಳೆದಂಡೆಯ ಇಬ್ಬರು ಅಣ್ಣತಮ್ಮಂದಿರ ಹೊಲಕ್ಕೆ ಹದ್ದು ಗುರುತಿಸಲು ಹೋಗಿದ್ದರಂತೆ. ಅಣ್ಣನ ಕಡೆ ಒಂದು ಮೊಳ ಕಮ್ಮಿ ಬಂತು. ಅವನು ಕೊಡಲಿ ಹಿಡಿದು ನಿಂತ. ಮಾವ ಮತ್ತೆ ಅಳೆಸಿದರು, ಅಷ್ಟೇ ಬಂತು. ಮತ್ತೂ ಒಮ್ಮೆ ಅಳೆಸಿದರು, ಅಷ್ಟೇ. ಆಗ ಕಾಗದ ಮುಂದಿಟ್ಟು, "ನಾಲ್ಕನೇ ಸಲಕ್ಕ ನಾನೂ ತಯಾರಿದ್ದೀನಿ, ಚೈನೂ ತಯಾರದ. ಆದ್ರ ಭೂಮಿ ಉದ್ದ ಆಗಾಕ ತಯಾರಿಲ್ಲಪ್ಪಾ. ಅಳತಿ ಒಪ್ಪೀನಿ ಅಂತ ಬರದು ಸಹಿ ಹಾಕು" ಎಂದರಂತೆ. ಅವನು ಕೊಡಲಿ ಕೆಳಗಿಟ್ಟು ಸಹಿ ಹಾಕಿದನಂತೆ. ಈ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ ಆ ಕೊಡಲಿಯ ಕಾವು ಎಂಥ ಕಟ್ಟಿಗೆಯದು ಎಂದೂ ಹೇಳಬಲ್ಲೆ.

ಇಂಥ ಮನುಷ್ಯ ನಮ್ಮವ್ವನ ಬಾಯಿಯ ಸರ್ವೇಗೆ ಬಂದದ್ದು ನನ್ನ ದಡ್ಡತನದಿಂದ.

ಅವ್ವ ನನ್ನ ಜೊತೆ ರಾಯಚೂರಿನಲ್ಲಿರುತ್ತಾಳೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. "ಯಾಕೆ, ಹೇಗೆ, ಏನು ಆಧಾರ ಎಂದು ಕೇಳದೆ ಯಾವುದನ್ನೂ ಒಪ್ಪಬೇಡಿ" ಎಂದು ಮಕ್ಕಳಿಗೆ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದುಕೊಡುವವಳು. ಒಂದು ದಿನ ಅವ್ವ ಹಲ್ಲು ತಿಕ್ಕಿ ಉಗುಳಿದಾಗ ರಕ್ತ ಕಂಡಿತು, ಹಿಂದಿನ ಒಂದು ದವಡೆಹಲ್ಲು ಅಲುಗುತ್ತಿತ್ತು. ಹೊಸದಾಗಿ ತೆರೆದಿದ್ದ ಒಂದು ದಂತ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗಾಜಿನ ಬಾಗಿಲು, ತಣ್ಣನೆಯ ಎಸಿ, ಮೀನಿನ ತೊಟ್ಟಿ, ಗೋಡೆಯ ಟಿವಿಯಲ್ಲಿ ಕುಣಿಯುವ ಹಲ್ಲುಗಳು. ಡಾಕ್ಟರ್ ದೂರದ ಊರಿನವರು, ಹತ್ತಿರ ಬಂದರೆ ಅತ್ತರಿನ ವಾಸನೆ. ಅವ್ವನ ಬಾಯಲ್ಲಿ ಸಣ್ಣ ಕನ್ನಡಿ ಇಟ್ಟು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿದರು, ಅಷ್ಟೇ.

"ಮೇಡಂ, ವಸಡೆಲ್ಲ ಹೋಗಿಬಿಟ್ಟಿದೆ. ಹಲ್ಲು ನೋಡಿ, ಎಷ್ಟು ಕಂದುಗಟ್ಟಿವೆ. ಒಂದೂ ಉಳಿಯಲ್ಲ. ಎಲ್ಲ ತೆಗೆದು ಸೆಟ್ ಕೂಡಿಸಿಬಿಡೋಣ. ಅಜ್ಜಿ ನಗು ಫಸ್ಟ್‌ಕ್ಲಾಸ್ ಆಗುತ್ತೆ."

ನಾನು ತಲೆಯಾಡಿಸಿದೆ. ಯಾಕೆ ಎಂದು ಕೇಳಲಿಲ್ಲ, ಹೇಗೆ ಎಂದೂ ಕೇಳಲಿಲ್ಲ. ಎಸಿ ತಣ್ಣಗಿತ್ತು, ಮೀನುಗಳು ದುಬಾರಿಯವು ಇದ್ದವು, ಇಂಥವರು ಸುಳ್ಳು ಹೇಳಲಾರರು ಅನಿಸಿತು. ಮುಂದಿನ ವಾರಕ್ಕೆ ದಿನ ಗೊತ್ತುಮಾಡಿಕೊಂಡು ಬಂದೆ.

ಆಟೋದಲ್ಲಿ ಅವ್ವ ನಾಲಗೆಯಿಂದ ಒಂದೊಂದೇ ಹಲ್ಲು ಮುಟ್ಟಿ ನೋಡಿಕೊಂಡಳು. ಆಮೇಲೆ, "ಸುಮಿ, ಎಲ್ಲಾ ಅಂದ್ರ ಎಲ್ಲಾನೂ ಏನು?" ಎಂದಳು.

"ಹೂಂ ಅವ್ವಾ. ವಸಡಿ ಹೋದ್ರ ಹಲ್ಲು ಇದ್ರೂ ಉಪಯೋಗಿಲ್ಲಂತ."

"ಖಡಕ್ ರೊಟ್ಟಿ ತಿನ್ನಾಕ ಬರ್ತದೇನು ಸೆಟ್ಟಿನ್ಯಾಗ? ಶೇಂಗಾ?"

ಮನೆಗೆ ಬಂದವಳೇ ಅವ್ವ ಡಬ್ಬಿಯಿಂದ ಒಂದು ಖಡಕ್ ಸಜ್ಜೆರೊಟ್ಟಿ ತೆಗೆದು, ಚಟ್ನಿಪುಡಿಯನ್ನೂ ಹಚ್ಚದೆ, ಕಟಂಕಟಂ ಎಂದು ಮುರಿದು ತಿನ್ನತೊಡಗಿದಳು. ಒಂದು ಮುಗಿಸಿ ಇನ್ನೊಂದು ತೆಗೆದಳು. "ಬಿಡು, ಇರೂತನ ತಿಂದು ಮುಗಸ್ತೀನಿ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಆದರೂ ನನಗೆ ಡಾಕ್ಟರನ್ನು ಅನುಮಾನಿಸಬೇಕು ಅಂತ ಹೊಳೆಯಲಿಲ್ಲ. ಹೊಳೆದದ್ದು ಅವ್ವನಿಗೆ. ನಾನು ಶಾಲೆಗೆ ಹೋದಾಗ ಅಣ್ಣನಿಗೆ ಫೋನ್ ಮಾಡಿದ್ದಳು.

ಮರುದಿನ ಮಾನ್ವಿಯ ಮೊದಲ ಬಸ್ಸಿಗೆ ಮಾವ ಬಂದಿಳಿದರು. ನೀರೂ ಕುಡಿಯದೆ, "ನಡೀರಿ ಆ ಡಾಕ್ಟರನ ಹತ್ರ" ಎಂದರು. ಗಾಜಿನ ಬಾಗಿಲಿನ ಒಳಗೆ ಚಪ್ಪಲಿ ಬಿಡುವುದೋ ಬೇಡವೋ ಎಂದು ನಾನು ಯೋಚಿಸುವಷ್ಟರಲ್ಲಿ ಅವರು ಡಾಕ್ಟರರ ಎದುರಿನ ಕುರ್ಚಿಯಲ್ಲಿ ಕೂತಾಗಿತ್ತು.

"ಎಷ್ಟು ಆಳ ಹೋಗ್ಯಾದ್ರೀ?"

"ಯಾವುದು ಸರ್?"

"ವಸಡಿ. ಹಲ್ಲು ಬಿಟ್ಟು ಎಷ್ಟು ಸಡಲ್ಯಾದ? ಮಿಲಿಮೀಟರ್‌ನ್ಯಾಗ ಹೇಳ್ರಿ."

ವಸಡನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ ಎಂದು ಮಾವನಿಗೆ ಯಾರೂ ಹೇಳಿರಲಿಲ್ಲ. ಅಳೆಯಲು ಬಾರದ ವಸ್ತು ಲೋಕದಲ್ಲಿಲ್ಲ ಎಂಬ ಒಂದೇ ನಂಬಿಕೆಯಿಂದ ಕೇಳಿದ್ದು. ಆದರೆ ಡಾಕ್ಟರರ ಮುಖ ಸಣ್ಣದಾಯಿತು. "ಅದೆಲ್ಲ ನೋಡಿದ್ರೇ ಗೊತ್ತಾಗುತ್ತೆ ಸರ್. ಅನುಭವ" ಎಂದರು.

"ಅನುಭವ ನನಗೂ ಅದ. ಆದ್ರ ಕಣ್ಣಂದಾಜಿನ ಮ್ಯಾಲ ಹದ್ದುಗಲ್ಲು ಕಿತ್ತಿದ್ರ ನನ್ನ ನೌಕರಿ ಎಂದೋ ಹೋಗಿರ್ತಿತ್ತು. ಎಕ್ಸರೇ ಎಲ್ಲಿ?"

"ಅದನ್ನ ಹಲ್ಲು ತೆಗೆಯೋ ದಿನ ಮಾಡ್ತೀವಿ."

"ಕಲ್ಲು ಕಿತ್ತಮ್ಯಾಲ ನಕ್ಷೆ ಬರೀತೀರೇನು?"

ಡಾಕ್ಟರ್ ಎದ್ದು ನಿಂತರು. "ನಂಬಿಕೆ ಇಲ್ಲದಿದ್ರೆ ನೀವು ಬೇರೆ ಕಡೆ ತೋರಿಸ್ಕೋಬಹುದು."

"ಇಷ್ಟು ಹೊತ್ತಿನ್ಯಾಗ ಒಂದು ಚಲೋ ಮಾತು ಹೇಳಿದ್ರಿ ನೋಡ್ರಿ" ಎಂದು ಮಾವನೂ ಎದ್ದರು. ನಾನು ನಾಚಿಕೆಯಿಂದ ಮೀನಿನ ತೊಟ್ಟಿಯನ್ನು ನೋಡುತ್ತ ನಿಂತಿದ್ದೆ. ಮಾವನ ಬಗ್ಗೆ ನಾಚಿಕೆ ಎಂದು ಆಗ ಅಂದುಕೊಂಡಿದ್ದೆ.

ಬೇರೆ ಕಡೆ ಎಂದರೆ ಸ್ಟೇಷನ್ ರಸ್ತೆಯ ಒಂದು ಹಳೆಯ ಕಟ್ಟಡದ ಮಹಡಿ. ಮರದ ಬೆಂಚು, ಗಡಗಡ ಎನ್ನುವ ಫ್ಯಾನು, ಮೀನಿಲ್ಲ. ಡಾಕ್ಟರಮ್ಮ ಗದ್ವಾಲ ಕಡೆಯವರು, ಹಿರಿಯರನ್ನು ತೆಲುಗಿನಲ್ಲಿ ಪೆದ್ದಾಯನಾ ಎಂದೇ ಕರೆಯುವವರು, ತಲೆ ನರೆತಿದ್ದವರು. ಅವ್ವನ ಬಾಯಿ ನೋಡುವ ಮೊದಲು ಅವರು ಕೇಳಿದ ಮಾತು, "ಸಣ್ಣಾಕಿದ್ದಾಗ ಯಾವ ಊರಮ್ಮಾ ನಿಂದು?" ಗಬ್ಬೂರಿನಾಚೆಯ ತನ್ನ ಊರಿನ ಹೆಸರನ್ನು ಅವ್ವ ಹೇಳಿದಳು. ಡಾಕ್ಟರಮ್ಮ ತಲೆಯಾಡಿಸಿ, ತುದಿಯಲ್ಲಿ ಕಪ್ಪು ಗೆರೆಗಳಿದ್ದ ತೆಳ್ಳನೆಯ ಒಂದು ಕಡ್ಡಿ ಕೈಗೆತ್ತಿಕೊಂಡರು.

ಮಾವ ಕುರ್ಚಿಯ ಹತ್ತಿರ ಸರಿದರು. "ಏನ್ರಿ ಅದು?"

"ವಸಡಿನ ಆಳ ನೋಡೋದು ಪೆದ್ದಾಯನಾ. ಒಂದೊಂದು ಗೆರೆಗೂ ಲೆಕ್ಕ ಅದ, ಮಿಲಿಮೀಟರ್."

ಮಾವನ ಮುಖದಲ್ಲಿ ಆಗ ಮೂಡಿದ ಆನಂದವನ್ನು ನಾನು ಅವರ ಮಗನ ಮದುವೆಯಲ್ಲೂ ಕಂಡಿರಲಿಲ್ಲ. ಜೇಬಿನಿಂದ ಅಡಿಪಟ್ಟಿ ತೆಗೆದು, "ಸ್ವಲ್ಪ ಹಿಡೀರಿ" ಎಂದು ಆ ಕಡ್ಡಿಯ ಪಕ್ಕದಲ್ಲಿ, ತಾಗಿಸದೆ, ಹಿಡಿದು ಕಣ್ಣು ಕಿರಿದು ಮಾಡಿ ನೋಡಿದರು. "ಸರಿ ಅದ. ಅಳೀರಿ" ಎಂದು ಅಪ್ಪಣೆ ಕೊಟ್ಟರು. ಡಾಕ್ಟರಮ್ಮ ನಕ್ಕು ಕೆಲಸ ಶುರುಮಾಡಿದರು. ಒಂದೊಂದು ಹಲ್ಲಿನ ಸುತ್ತ ಆರಾರು ಕಡೆ ಕಡ್ಡಿ ಇಳಿಸಿ, "ಎರಡು, ಮೂರು, ಎರಡು..." ಎಂದು ಹೇಳುತ್ತ ಹೋದರು, ವಯಸ್ಸಾದ ನರ್ಸಮ್ಮ ಚೀಟಿಯಲ್ಲಿ ಬರೆದುಕೊಳ್ಳುತ್ತ ಹೋದರು. ಮಾವ ನರ್ಸಮ್ಮನ ಭುಜದ ಹಿಂದೆ ನಿಂತು ಪ್ರತಿ ಅಂಕಿಯನ್ನೂ ಕಣ್ಣಲ್ಲೇ ಪರಿಶೀಲಿಸಿದರು. ಐದು ಎಂದಾಗ, "ಮತ್ತೊಮ್ಮಿ ಅಳೀರಿ" ಎಂದರು. ಮತ್ತೊಮ್ಮೆ ಅಳೆದರು, ಐದೇ ಇತ್ತು. "ಹಾಂ, ಬರೀರಿ" ಎಂದರು. ಎಕ್ಸರೇ ಆಯಿತು. ಅದನ್ನು ಬೆಳಕಿಗೆ ಹಿಡಿದು ಎಲುಬು ಎಲ್ಲಿ ಇಳಿದಿದೆ, ಎಲ್ಲಿ ಗಟ್ಟಿ ನಿಂತಿದೆ ಎಂದು ಡಾಕ್ಟರಮ್ಮ ಬೆರಳಿಟ್ಟು ತೋರಿಸಿದರು.

"ಮೂರರ ತನಕ ಚಿಂತಿಲ್ಲಮ್ಮಾ. ನಾಲ್ಕು, ಐದು ಬಂದಲ್ಲಿ ವಸಡಿನ ಕೆಳಗ ಹೊಲಸು ಗಾರಿ ಹಂಗ ಕಟ್ಟಿ ಕಲ್ಲಾಗ್ಯಾದ, ಅದನ್ನ ಕ್ಲೀನ್ ಮಾಡ್ತೀನಿ. ಹಿಂದಿನ ಎರಡು ಹಲ್ಲಿಗೆ ಎಲುಬಿನ ಆಸರ ಇಲ್ಲ, ಅವು ಹೋಗ್ಲಿ. ಉಳಿದವು ಗಟ್ಟಿ ಅವ."

"ಮತ್ತ ಈ ಬಣ್ಣ?" ಅವ್ವ ಬಾಯಿ ಮುಚ್ಚಿಕೊಂಡೇ ಕೇಳಿದಳು.

"ಬಣ್ಣಕ್ಕೂ ವಸಡಿಗೂ ಸಂಬಂಧಿಲ್ಲ. ಸಣ್ಣಾಕಿದ್ದಾಗ ಕುಡದ ಬಾವಿ ನೀರಿಂದು ಅದು. ಫ್ಲೋರೈಡ್. ನಿಮ್ಮೂರಾಗ ಎಲ್ಲಾರ್ದೂ ಹಿಂಗೇ ಇರ್ತಾವ, ಹೌದಿಲ್ಲೋ?"

ಹೌದು. ನಮ್ಮ ಕಡೆ ಕಂದು ಹಲ್ಲು ಕಂಡರೆ ಯಾರೂ ರೋಗ ಕೇಳುವುದಿಲ್ಲ, ಊರು ಕೇಳುತ್ತಾರೆ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತಿದ್ದ ಸಂಗತಿ. ಫ್ಲೋರೈಡಿನ ಪಾಠವನ್ನು ಪ್ರತಿ ವರ್ಷ ನಾನೇ ಮಾಡುತ್ತೇನೆ. ಗಾಜಿನ ಬಾಗಿಲಿನ ಒಳಗೆ ಅದೊಂದೂ ನೆನಪಾಗಿರಲಿಲ್ಲ.

ಅವ್ವನ ಎರಡು ಹಲ್ಲು ಹೋದವು, ಉಳಿದವು ನಿಂತವು. ಎರಡು ತಿಂಗಳು ಬಿಟ್ಟು ಡಾಕ್ಟರಮ್ಮ ಮತ್ತೆ ಅಳೆದಾಗ ಐದು ಇದ್ದಲ್ಲಿ ಮೂರು ಬಂತು. ಅವ್ವ ಆ ದಿನ ಸ್ಟೇಷನ್ ರಸ್ತೆಯಲ್ಲೇ ನಿಂತು ಹುರಿದ ಶೇಂಗಾ ಕೊಂಡು, ಸಿಪ್ಪೆಯನ್ನೂ ಹಲ್ಲಲ್ಲೇ ಒಡೆದು ತಿಂದಳು.

ಇಲ್ಲಿಗೆ ಕಥೆ ನಿಲ್ಲಬೇಕಿತ್ತು. ಆದರೆ ಮಾವ ಗೆದ್ದಿದ್ದರು, ಗೆದ್ದ ಮಾವನನ್ನು ಸಹಿಸುವುದು ಭಾಳ ಕಷ್ಟ. ಮಾನ್ವಿಯ ಹೋಟೆಲಿನಲ್ಲಿ, ದೇವದುರ್ಗದ ಬಸ್ಸಿನಲ್ಲಿ, ಕುರ್ಡಿಯ ಒಂದು ನಾಮಕರಣದಲ್ಲಿ, ಎಲ್ಲಿ ನಾಲ್ಕು ಕಿವಿ ಸಿಕ್ಕರೂ ಅಲ್ಲಿ ಅವ್ವನ ಬಾಯಿ ತೆರೆಯುತ್ತಿತ್ತು. ಮೊದಮೊದಲು ಅವರು ಉಳಿಸಿದ ಹಲ್ಲು ಇಪ್ಪತ್ತನಾಲ್ಕು ಇದ್ದವು. ನಾಮಕರಣದ ಹೊತ್ತಿಗೆ ಮೂವತ್ತೆರಡಾದವು. "ಅಣ್ಣಾ, ನನ್ನ ಬಾಯಾಗ ಅಷ್ಟು ಇರಲೇ ಇಲ್ಲಲ್ಲೋ" ಎಂದು ಅವ್ವ ಅಂದರೆ, "ನೀ ಸುಮ್ನ ಕೂಡು, ನೀ ಎಣಸೀಯೇನು?" ಎನ್ನುತ್ತಿದ್ದರು. ಕಣ್ಣಿನ ಡಾಕ್ಟರು, ಎಲುಬಿನ ಡಾಕ್ಟರು, ಪಂಪ್‌ಸೆಟ್ ರಿಪೇರಿಯವ, ಎಲ್ಲರಿಗೂ ಒಂದೇ ಪ್ರಶ್ನೆ: "ಎಷ್ಟು ಮಿಲಿಮೀಟರ್?" ಜ್ವರ ಬಂದವರಿಗೂ ಅದನ್ನೇ ಕೇಳಿದರು ಎಂದು ಅತ್ತೆ ಪ್ರಮಾಣ ಮಾಡಿ ಹೇಳುತ್ತಿದ್ದರು.

ಹೀಗೆ ಒಂದು ವರ್ಷ ಊರವರ ಬಾಯಿ ವಿಚಾರಿಸಿದ ಮೇಲೆ ಅವರದೇ ಬಾಯಿಯ ಸರದಿ ಬಂತು. ಮೊದಲು ಕಂಡವಳು ಅವ್ವ. ಮಾನ್ವಿಗೆ ಹೋದಾಗ ಊಟಕ್ಕೆ ಕೂತಿದ್ದೆವು. ಮಾವ ರೊಟ್ಟಿಯ ಅಂಚು ಮುರಿದು ತಾಟಿನ ಪಕ್ಕಕ್ಕೆ ಸರಿಸಿ ನಡುವಿನ ಮೆತ್ತನೆಯದನ್ನಷ್ಟೇ ತಿನ್ನುತ್ತಿದ್ದರು. ಮುಂದಿನ ಎರಡು ಹಲ್ಲಿನ ನಡುವೆ ಮೊದಲು ಇಲ್ಲದ ಸಂದು ಬಿದ್ದಿತ್ತು. "ಮಾವಾ, ಆ ಸಂದಿನ್ಯಾಗ ಅಡಿಪಟ್ಟಿ ಹಿಡಸ್ತದ ನೋಡ್ರಿ" ಎಂದು ನಾನು ನಕ್ಕೆ. ಅವ್ವ ನಗಲಿಲ್ಲ. ಹಟ ಹಿಡಿದು ಅಣ್ಣನನ್ನು ರಾಯಚೂರಿಗೆ ಎಳೆದುಕೊಂಡು ಬಂದಳು.

ಅದೇ ಡಾಕ್ಟರಮ್ಮ, ಅದೇ ಕಡ್ಡಿ, ಅದೇ ನರ್ಸಮ್ಮ. "ಆರು, ಏಳು, ಏಳು, ಎಂಟು..." ನರ್ಸಮ್ಮನ ಪೆನ್ನು ನಿಧಾನವಾಯಿತು. ಎಕ್ಸರೇ ನೋಡಿ ಡಾಕ್ಟರಮ್ಮ ಕುರ್ಚಿಯನ್ನು ಮಾವನ ಎದುರಿಗೆ ಎಳೆದುಕೊಂಡು ಕೂತರು.

"ಪೆದ್ದಾಯನಾ, ಇದು ಅಮ್ಮನ ಹಂಗಲ್ಲ. ಎಲುಬು ಅರ್ಧ ಇಳದದ. ಈಗ ಹಿಡದ್ರ ಭಾಳ ಹಲ್ಲು ಉಳಸ್ಬಹುದು. ಆದ್ರ ತಂಬಾಕು ಬಿಡ್ಬೇಕು, ರಕ್ತದಾಗ ಸಕ್ಕರಿ ಎಷ್ಟದ ನೋಡ್ಬೇಕು. ವಸಡಿ ಇಷ್ಟು ಲಗೂನ ಇಳದದಂದ್ರ ನನಗ ಸಕ್ಕರಿ ಮ್ಯಾಲ ಅನುಮಾನ."

ಮಾವ ಆರಾಮಾಗಿ ನಕ್ಕರು. "ನನಗ ಒಂದು ಹನಿ ರಕ್ತ ಬರಲ್ರೀ. ನಮ್ಮ ತಂಗಿಗೆ ಬರ್ತಿತ್ತು."

"ತಂಬಾಕು ರಕ್ತ ಮುಚ್ಚಿಡ್ತದ. ಬರಲ್ಲ ಅನ್ನೋದೇ ಮೋಸ."

"ಮತ್ತ ಬಣ್ಣ? ನಮ್ಮ ತಂಗಿದೂ ಹಿಂಗೇ ಇತ್ತು, ನೀವೇ ನೀರಿಂದು ಅಂದ್ರಿ. ನಾವಿಬ್ರೂ ಒಂದೇ ಬಾವಿ ನೀರು ಕುಡದವ್ರು. ಆಕಿದು ನೀರು, ನಂದು ರೋಗ ಹೆಂಗಾಗ್ತದ?"

"ನಾನು ಬಣ್ಣ ನೋಡಿ ಹೇಳ್ಲಿಲ್ಲಲ್ಲ, ಅಳದು ಹೇಳೀನಿ."

"ಹಂಗಾರ ಮತ್ತೊಂದು ಕಡೆ ಅಳಸ್ತೀನಿ" ಎಂದು ಮಾವ ಎದ್ದರು. ಡಾಕ್ಟರಮ್ಮ ಬೇಸರ ಮಾಡಿಕೊಳ್ಳಲಿಲ್ಲ. "ಅಳಸ್ರಿ, ಅದು ನಿಮ್ಮ ಹಕ್ಕು. ಆದ್ರ ತಡ ಮಾಡಬ್ಯಾಡ್ರಿ" ಎಂದು ಚೀಟಿಯನ್ನೂ ಎಕ್ಸರೇಯನ್ನೂ ಕೈಗೆ ಕೊಟ್ಟರು.

ಇಲ್ಲಿಯವರೆಗೆ ನಾನು ಮಾವನ ಪರ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಂದ ಪರೀಕ್ಷಿಸುವುದು ತಪ್ಪಲ್ಲ. ಎರಡನೆಯದು ಹಲ್ಲಿನ ಕಾಲೇಜಿನ ಆಸ್ಪತ್ರೆ. ಅಲ್ಲಿ ಪ್ರೊಫೆಸರರು ಅಳೆದರು, ಜೊತೆಗೆ ಹತ್ತಾರು ವಿದ್ಯಾರ್ಥಿಗಳು ಮಾವನ ಬಾಯಲ್ಲಿ ಇಣುಕಿ ಕಲಿತುಕೊಂಡರು. ಆರು, ಏಳು, ಏಳು, ಎಂಟು. ಮೂರನೆಯದು ಮಾನ್ವಿಯ ಸರಕಾರಿ ದವಾಖಾನೆ. ಹಿಂದಿನ ಎರಡು ಚೀಟಿಗಳನ್ನು ಮಾವ ಬೇಕೆಂದೇ ತೋರಿಸಲಿಲ್ಲ. ಆರು, ಏಳು, ಏಳು, ಎಂಟು. ಮೂವರೂ ತಂಬಾಕು ಬಿಡಿ ಎಂದರು, ಮೂವರೂ ಸಕ್ಕರೆ ನೋಡಿಸಿ ಎಂದರು. ಮೂರು ಸಲ ಅಳೆದು ಮೂರೂ ಸಲ ಅಷ್ಟೇ ಬಂದಿತ್ತು.

ನಾನು ಮಾನ್ವಿಗೆ ಹೋಗಿ ಗೂಗಲ್ಲಿನ ಕಥೆಯನ್ನು ಅವರಿಗೇ ಹೇಳಿದೆ. ಕೊಡಲಿಯನ್ನೂ ಬಿಡಲಿಲ್ಲ. ಮಾವ ಜಾಣಕಿವುಡು ಮಾಡಿದರು. "ಮೂರೂ ಮಂದಿ ಒಂದೇ ಪುಸ್ತಕ ಓದ್ಯಾರ, ಅದಕ್ಕ ಹಂಗಂತಾರ" ಎಂದರು. ನನಗೆ ಸಿಟ್ಟು ಬಂತು.

"ಮಾವಾ, ಬಾಜು ಹೊಲದ ಅಳತಿ ತಂದು ಈ ಹೊಲಕ್ಕ ಹಚ್ಚಿದ್ರ ನೀವು ಒಪ್ಪತಿದ್ರೇನು? ಅವ್ವನ ಬಾಯಿ ಅವ್ವಂದು, ನಿಮ್ಮ ಬಾಯಿ ನಿಮ್ದು. ಬಾವಿ ಒಂದೇ ಇದ್ರ ವಸಡಿನೂ ಒಂದೇ ಆಗ್ತದೇನು?"

"ನೀ ಸಾಲಿ ಹುಡುಗ್ರಿಗೆ ಕಲಿಸು, ನನಗ ಅಳತಿ ಕಲಸ್ಬ್ಯಾಡ" ಎಂದು ಮಾವ ತುಟಿಯ ಒಳಗೆ ಸುಣ್ಣ ತಿಕ್ಕಿದ ತಂಬಾಕು ಇಟ್ಟುಕೊಂಡರು.

ಆಮೇಲೆ ಅವರು ನಾಲ್ಕನೆಯವನನ್ನು ಹುಡುಕಿಕೊಂಡರು. ದೇವದುರ್ಗದ ಸಂತೆಯಲ್ಲಿ ಚಾದರ ಹಾಸಿ, ಅದರ ಮೇಲೆ ಯಾರಯಾರದೋ ಹಲ್ಲು ಸಾಲಾಗಿ ಇಟ್ಟುಕೊಂಡು, ಮೈಕಿನಲ್ಲಿ ಕೂಗುತ್ತ ಹಲ್ಲುಪುಡಿ ಮಾರುವವ. ಅವನು ಮಾವನನ್ನು ಒಂದು ಮಾರು ದೂರದಿಂದ ನೋಡಿ, "ಉಷ್ಣ ಕಾಕಾ, ಬರೇ ಉಷ್ಣ. ಪುಡಿ ತಿಕ್ಕು, ಮಜ್ಜಿಗಿ ಕುಡಿ, ಕಬ್ಬು ಕಡಿ" ಎಂದನಂತೆ. ಮಾವ ಮೂರು ಡಬ್ಬಿ ಪುಡಿ ತಂದಿದ್ದರು. ಫೋನಿನಲ್ಲಿ ಇದನ್ನು ಸಂಭ್ರಮದಿಂದ ಹೇಳಿದಾಗ ನಾನು ಒಂದೇ ಮಾತು ಕೇಳಿದೆ. "ಎಷ್ಟು ಮಿಲಿಮೀಟರ್ ಅಂದ ಮಾವಾ?"

ಆ ಕಡೆ ಡಬ್ಬಿಯ ಮುಚ್ಚಳ ತಿರುಗಿಸುವ ಸಪ್ಪಳ ಕೇಳಿತು.

"ಎಲ್ಲಾದಕ್ಕೂ ಮಿಲಿಮೀಟರ್ ಇರ್ತದೇನಬೇ?" ಎಂದು ಮಾವ ಫೋನಿಟ್ಟರು. ಇಡ್ಲಿಯನ್ನು ಅಳೆಯದೆ ತಿನ್ನದ ಮನುಷ್ಯ! ಗಾಜಿನ ಬಾಗಿಲಿನ ಡಾಕ್ಟರು ಕನ್ನಡಿಯನ್ನಾದರೂ ಬಾಯೊಳಗೆ ಇಟ್ಟಿದ್ದರು. ಮಾವ ಮೀನುಗಳ ಎದುರಿಗೇ ಅವರ ಮಾನ ಕಳೆದಿದ್ದರು. ಈ ಸಂತೆಯವನ ಎದುರು ಅಡಿಪಟ್ಟಿ ಜೇಬಿನಿಂದ ಹೊರಗೇ ಬರಲಿಲ್ಲ. ನನಗೆ ಇಷ್ಟವಾದದ್ದನ್ನು ಹೇಳುವವನನ್ನು ನಾನು ಪ್ರಶ್ನಿಸುವುದಿಲ್ಲ, ಮಾವನೂ ಪ್ರಶ್ನಿಸಲಿಲ್ಲ. ಅಷ್ಟು ದಿನ ಅವರು ಡಾಕ್ಟರರನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡಿದ್ದೆ. ಅವರು ತಮಗೆ ಬೇಕಾದ ಅಳತೆ ಹುಡುಕುತ್ತಿದ್ದರು, ಕೊಡಲಿ ಹಿಡಿದ ಆ ಅಣ್ಣನ ಹಾಗೆಯೇ. ಇದನ್ನು ಫೋನಿನಲ್ಲೇ ಅನ್ನಬೇಕಿತ್ತು, ಅನ್ನಲು ಆಗಲಿಲ್ಲ. ಆಮೇಲೆ ಏಳೆಂಟು ತಿಂಗಳು ಅವರು ನನ್ನ ಜೊತೆ ಮಾತಾಡಲಿಲ್ಲ. ಅವ್ವನ ಜೊತೆ ಮಾತಾಡುವಾಗಲೂ, "ನಿನ್ನ ಮಗಳು ಇಲ್ಲದಾಗ ಫೋನ್ ಮಾಡ್ತೀನಿ" ಎನ್ನುತ್ತಿದ್ದರು.

ಹಲ್ಲುಗಳು ಒಂದೊಂದಾಗಿ ಹೋದವು. ಕೆಲವು ತಾವಾಗಿಯೇ ಉದುರಿದವು, ಒಂದು ಮಜ್ಜಿಗೆಯ ಲೋಟದಲ್ಲಿ ಸಿಕ್ಕಿತು ಎಂದು ಅತ್ತೆ ಹೇಳಿದರು. ಹೇಳುವಾಗ ನಕ್ಕರು, ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಕಬ್ಬು ಕಡಿಯಲು ಹಲ್ಲಿರಲಿಲ್ಲವಾದ್ದರಿಂದ ಮಾವ ಕಬ್ಬಿನ ಹಾಲು ಕುಡಿಯುತ್ತಿದ್ದರು. ಆಮೇಲೆ ಕಾಲಬೆರಳಿಗೆ ಚಪ್ಪಲಿ ಕಚ್ಚಿ ಆದ ಗಾಯ ತಿಂಗಳಾದರೂ ಮಾಯಲಿಲ್ಲ. ಆಗ ರಕ್ತ ತೆಗೆದು ನೋಡಿದರೆ ಸಕ್ಕರೆ ಮೇಲೇರಿ ಕೂತಿತ್ತು.

ಕೊನೆಯ ಸಲ ನಾನು ಅವರನ್ನು ನೋಡಿದ್ದು ಆ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಂಡು ಮಾನ್ವಿಯ ಮನೆಯ ಪಡಸಾಲೆಯಲ್ಲಿ ಕೂತಿದ್ದಾಗ. ಗಲ್ಲ ಒಳಕ್ಕೆ ಹೋಗಿತ್ತು. ಎದುರಿನ ತಾಟಿನಲ್ಲಿ ಹಾಲಲ್ಲಿ ನೆನೆಹಾಕಿದ ರೊಟ್ಟಿ. ಪಕ್ಕದಲ್ಲೇ ಕೂತು ಅವ್ವ ಅದೇ ರೊಟ್ಟಿಯನ್ನು ಒಣದಾಗಿಯೇ ಮುರಿದು ತಿನ್ನುತ್ತಿದ್ದಳು. ಸಪ್ಪಳವಾಗದಂತೆ ತಿನ್ನಲು ನೋಡುತ್ತಿದ್ದಳು ಪಾಪ, ಆದರೆ ಖಡಕ್ ರೊಟ್ಟಿ ಸಪ್ಪಳ ಮಾಡದೆ ಇರುವುದಿಲ್ಲ.

"ತಿನ್ನವಾ, ಜೋರಾಗಿ ತಿನ್ನು. ಕೇಳಾಕ ಚಲೋ ಅನಸ್ತದ" ಎಂದು ಮಾವ ತಂಗಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಸುಮಿ, ಅಲ್ಲಿ ಗೋಡಿಗೂಡಿನ್ಯಾಗ ಕಾಗದ ಅವ. ತಗೊಂಡು ಬಾ" ಎಂದರು.

ತಂದೆ. ಮೂರು ಚೀಟಿಗಳು, ಮೂರು ಡಾಕ್ಟರರವು. ಅಂಚು ಮುದುಡದ ಹಾಗೆ, ಹೊಲದ ನಕ್ಷೆಗಳನ್ನು ಇಡುತ್ತಿದ್ದಂತೆ, ಒಂದರ ಮೇಲೊಂದು ಇಟ್ಟು ದಾರ ಕಟ್ಟಿದ್ದರು.

"ನಿನ್ನ ಹತ್ರ ಪೆನ್ನು ಅದೇನು?"

ಕೊಟ್ಟೆ. ಮೊದಲ ಚೀಟಿಯ ಕೆಳಗೆ, ಸಾಲು ಒಂದಿಷ್ಟೂ ಸೊಟ್ಟಾಗದಂತೆ ಅಡಿಪಟ್ಟಿ ಇಟ್ಟುಕೊಂಡು, ಅವರು ಬರೆದರು: ಅಳತೆ ಒಪ್ಪಿದೆ. ಸಹಿ ಹಾಕಿದರು. ಎರಡನೆಯದಕ್ಕೂ ಬರೆದರು. ಮೂರನೆಯದಕ್ಕೂ.

ನನ್ನ ನಾಲಗೆ ಸುಮ್ಮನಿರುವುದಿಲ್ಲ. "ಹಲ್ಲೆಲ್ಲಾ ಹೋದಮ್ಯಾಲ ಸಹಿ ಹಾಕಿದ್ರ ಏನು ಬಂತು ಮಾವಾ?" ಎಂದೆ.

ಮಾವ ಸಿಟ್ಟಾಗಲಿಲ್ಲ. ಹಲ್ಲಿಲ್ಲದ ಬಾಯಲ್ಲಿ ಮಾತು ಮೆತ್ತಗೆ ಬರುತ್ತಿತ್ತು. "ಹೊಲ ಹೋದವನೂ ಸಹಿ ಹಾಕ್ಬೇಕವ್ವಾ. ಇಲ್ಲಂದ್ರ ಅಳದವ ತಪ್ಪು ಅಳದಾನ ಅಂತ ಕಾಗದದಾಗ ಉಳೀತದ. ಆ ಡಾಕ್ಟರಮ್ಮ ಸರೀ ಅಳದಿದ್ಲು. ಚೀಟಿ ಆಕಿಗೆ ಕೊಡು."

ಅವ್ವ ರೊಟ್ಟಿ ಕೆಳಗಿಟ್ಟಳು. ಅವರನ್ನು ಹಂಗಿಸಲು ಬಸ್ಸಿನಲ್ಲಿ ಬರುವಾಗ ನಾಲ್ಕೈದು ಮಾತು ಜೋಡಿಸಿಕೊಂಡು ಬಂದಿದ್ದೆ, ಅವೆಲ್ಲ ಹಾಗೇ ಉಳಿದವು.

ಬೇಸಿಗೆಯಲ್ಲಿ ಮಾವ ಹೋದರು. ಸಕ್ಕರೆ ಕಿಡ್ನಿಗೆ ಇಳಿದಿತ್ತು. ಮಣ್ಣು ಕೊಡುವಾಗ ಕುಣಿಯ ಉದ್ದ ಸಾಲುತ್ತದೋ ಇಲ್ಲವೋ ಎಂದು ನಾಲ್ಕು ಜನ ನಾಲ್ಕು ಮಾತು ಆಡುತ್ತಿದ್ದರು. "ಅಳೀರಿ ಅಂತ ಹೇಳಾಕ ಅವ್ರೇ ಇಲ್ಲ" ಎಂದು ಅತ್ತೆ ಅತ್ತರು.

ಚೀಟಿಗಳನ್ನು ಕೊಡಲು ಸ್ಟೇಷನ್ ರಸ್ತೆಯ ಮಹಡಿ ಹತ್ತಿದ್ದು ಈಚೆಗೆ. ಡಾಕ್ಟರಮ್ಮ ಮೂರನ್ನೂ ಓದಿ, ಸಹಿಯ ಮೇಲೆ ಬೆರಳಾಡಿಸಿ, ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡರು. ಆಮೇಲೆ ನನ್ನ ಮುಖ ನೋಡಿ, "ನಿನ್ನ ವಸಡಿ ಯಾವಾಗ ತೋರ್ಸಿದ್ದಿಯಮ್ಮಾ?" ಎಂದರು. ಎಂದೂ ಇಲ್ಲ. ಹಲ್ಲು ತಿಕ್ಕುವಾಗ ಆರು ತಿಂಗಳಿಂದ ರಕ್ತ ಬರುತ್ತಿದ್ದುದನ್ನು ನಾನು ಅವ್ವನಿಗೂ ಹೇಳಿರಲಿಲ್ಲ. ಬ್ರಷ್ ಗಡುಸು ಎಂದು ಮೂರು ಬ್ರಷ್ ಬದಲಾಯಿಸಿದ್ದೆ.

ಕುರ್ಚಿಯಲ್ಲಿ ಒರಗಿದೆ. "ಎರಡು, ಮೂರು, ಮೂರು, ಎರಡು..." ನರ್ಸಮ್ಮ ಬರೆಯುತ್ತ ಹೋದರು. ನಾನು ಮಕ್ಕಳ ಪರೀಕ್ಷೆಯ ಫಲಿತಾಂಶ ಕೇಳುವಂತೆ ಕೇಳುತ್ತಿದ್ದೆ.

"ಆರು."

ನನ್ನ ಕೈ ತಾನಾಗಿ ಮೇಲೆದ್ದಿತು. ಡಾಕ್ಟರಮ್ಮ ಕಡ್ಡಿ ಹೊರತೆಗೆದು, "ಏನಮ್ಮಾ, ಮತ್ತೊಮ್ಮಿ ಅಳೀಬೇಕಾ?" ಎಂದರು.

"ಹೂಂ."

ಅಳೆದರು. ಆರು. ಎಕ್ಸರೇ ತೆಗೆದು ಬೆಳಕಿಗೆ ಹಿಡಿದರು. ಎಡಗಡೆ ಹಿಂದಿನ ಹಲ್ಲುಗಳ ನಡುವೆ ಎಲುಬು ಇಳಿದದ್ದು ಯಾರೂ ಬೆರಳಿಟ್ಟು ತೋರಿಸದೆಯೇ ನನಗೆ ಕಂಡಿತು. "ಮೂರನೇ ಸಲ ಬೇರೆ ಕಡೆ ಅಳಸ್ಕೊಂಡು ಬರ್ತೀಯಾ? ನಾನು ಬೇಸರ ಮಾಡ್ಕೊಳ್ಳಲ್ಲ" ಎಂದರು ಡಾಕ್ಟರಮ್ಮ.

ನಾನು ನರ್ಸಮ್ಮನ ಭುಜದ ಹಿಂದೆ ನೋಡಿದೆ. ಅಲ್ಲಿ ಯಾರೂ ನಿಂತಿರಲಿಲ್ಲ.

"ಬ್ಯಾಡ್ರೀ," ಎಂದೆ. "ಪೆನ್ನು ಕೊಡ್ರಿ."